ಪೂರ್ವಕ್ಕೆ ಬಾಯಿಟ್ಟ ಮೊಟ್ಟೆ ಪೆಟ್ಟಿಗೆ

ಕಳಲೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಗರತ್ನ ಅವರ ಹಿತ್ತಿಲಲ್ಲಿ ಮುದ್ದಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಎದುರಿಗೆ ಅವರೇ ನಿನ್ನೆ ಸಂಜೆ ಕಟ್ಟಿ ಮುಗಿಸಿದ ಕೋಳಿಗೂಡು. ಒಳಗೊಂದು ಕೆಂಪು ಹ್ಯಾಟೆ ಕೋಳಿ, ಮೊದಲ ಮೊಟ್ಟೆಗೆ ಜಾಗ ಹುಡುಕುತ್ತ, ಕೊಕ್ಕೊಕ್ಕೋ ಎಂದು ಅತ್ತಿಂದಿತ್ತ ತಿರುಗುತ್ತಿದೆ.

ಅದು ಇವತ್ತು ಗೂಡಿನಲ್ಲಿಟ್ಟ ಮೊಟ್ಟೆ ಪೆಟ್ಟಿಗೆಯೊಳಗೆ ಕೂರಲೇಬೇಕು. ಈವರೆಗೆ ಮೊಟ್ಟೆಗೆ ಬಂದ ಹ್ಯಾಟೆಗಳೆಲ್ಲ ಬೇಲಿಯ ಸಂದಿಯಲ್ಲೇ ಇಟ್ಟವು, ಮುಂಗುಸಿ ಒಡೆದು ಕುಡಿಯಿತು. ನಾಗರತ್ನರ ಗಂಡ ರಂಗಸ್ವಾಮಿಗೆ ಸಾಕಾಗಿಹೋಗಿದೆ. “ಮುಂಗ್ಸಿ ಸಾಕಕ್ಕೆ ನಾವು ಜೋಳ ಆಕ್ಬೇಕಾ? ಇವತ್ತೊಂದ್ ಬೆಳಗ್ಗೆ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಅಷ್ಟ್ನೂ ರಘೂಗೆ ಕೊಟ್ಬುಡ್ತೀನಿ.” ರಘುವಿನದು ಚಿಕನ್ ಅಂಗಡಿ, ಬೆಳಿಗ್ಗೆಯೇ ಬಾ ಎಂದು ಅವನಿಗೆ ಹೇಳಿಯೂ ಆಗಿದೆ. ಕೊಟ್ಟರೆ ನಾಗರತ್ನ ಮರಿಯಿಂದ ಸಾಕಿದ ಹ್ಯಾಟೆಗಳೆಲ್ಲ ಭಾನುವಾರದ ಸಾರಿಗೆ ಹೋಗುತ್ತವೆ.

ನಂಜನಗೂಡಿನ ಸುತ್ತ ನಾಟಿ ಕೋಳಿ ಸಾಕುವ ಹೆಂಗಸರಿಗೆ ಹೆಡತಲೆಯ ಮುದ್ದಮ್ಮ ಗೊತ್ತು, ಅವರಾಚೆಗೆ ಯಾರಿಗೂ ಗೊತ್ತಿಲ್ಲ. ಗಂಡ ಚನ್ನಯ್ಯ ಸೆಂಟ್ರಿಂಗ್ ಕೆಲಸದವರು. ಸೊಂಟಕ್ಕೆ ಏಟು ಬಿದ್ದು ಅವರು ಮನೆಯಲ್ಲೇ ಕೂತ ಮೇಲೆ, ಮೂಲೆ ಸೇರಿದ್ದ ಸುತ್ತಿಗೆ, ಗರಗಸವನ್ನು ಮುದ್ದಮ್ಮ ಕೈಗೆತ್ತಿಕೊಂಡರು. “ಎಂಗ್ಸು ಸುತ್ಗೆ ಇಡ್ಕಂಡು ಬಂದ್ಲು ನೋಡ್ರಲಾ ಅಂತ ನಗಾಡೋರು. ನಗ್ಲಿ ಬುಡು ಅಂತ ಮೊಳೆ ಒಡ್ದೆ,” ಎನ್ನುತ್ತಾರೆ.

ಈಗ ವಾರಕ್ಕೆ ಎರಡು ಗೂಡು ಎದ್ದು ನಿಲ್ಲುತ್ತವೆ. ಟೊಮೆಟೊ ಪೆಟ್ಟಿಗೆಯ ಹಲಗೆ ಬಿಚ್ಚಿ ಮೊಟ್ಟೆ ಪೆಟ್ಟಿಗೆ ಮಾಡುತ್ತಾರೆ. ನೆಲಕ್ಕೆ ಭತ್ತದ ಹೊಟ್ಟು, ಪೆಟ್ಟಿಗೆಗೆ ಹುಲ್ಲು, ಹೇನು ಹತ್ತದಿರಲೆಂದು ಹುಲ್ಲಿನಡಿ ಲಕ್ಕಿ ಸೊಪ್ಪು. ರಾತ್ರಿ ಕೋಳಿಗಳು ಕೂರುವ ಬಿದಿರ ಗಳ ಎತ್ತರದಲ್ಲಿರಬೇಕು, ಪೆಟ್ಟಿಗೆ ಕೆಳಗಿರಬೇಕು. ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡಿಬಿಡುತ್ತವೆ.

ಹ್ಯಾಟೆ ಪೆಟ್ಟಿಗೆಯೊಳಕ್ಕೆ ಕತ್ತು ತೂರಿಸುತ್ತದೆ. ಪಕ್ಕದಲ್ಲೇ ಕೂತ ನಾಗರತ್ನ ಮುದ್ದಮ್ಮನ ತೋಳು ಹಿಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ಸೂರ್ಯ ಮೇಲೆದ್ದು ಬಿಸಿಲು ನೇರ ಪೆಟ್ಟಿಗೆಯೊಳಗೇ ಬೀಳುತ್ತದೆ. ಹ್ಯಾಟೆ ಬೆದರಿ ಹಿಂದೆ ಸರಿದು, ಜಾಲರಿಯ ಬಳಿ ಬಂದು ಬೇಲಿಯತ್ತ ನೋಡುತ್ತದೆ.

ಮುದ್ದಮ್ಮನಿಗೆ ಆಗ ತಪ್ಪು ಹೊಳೆಯುತ್ತದೆ. ವಾಸ್ತು ಪ್ರಕಾರ ಪೆಟ್ಟಿಗೆಯ ಬಾಯಿ ಪೂರ್ವಕ್ಕಿರಲಿ ಎಂದಿದ್ದರು ರಂಗಸ್ವಾಮಿ. ಮನೆಗೆ ಒಳ್ಳೆಯದಾದರೆ ಕೋಳಿಗೂ ಒಳ್ಳೆಯದೇ ಎಂದು ಮುದ್ದಮ್ಮನೂ ಖುಷಿಯಾಗಿ ತಲೆಯಾಡಿಸಿದ್ದರು. ಕೋಳಿಗೆಲ್ಲಿಯ ವಾಸ್ತು! ಅದಕ್ಕೆ ಬೇಕಾದದ್ದು ಕತ್ತಲು, ಮರೆ.

“ನಂದೇ ತೆಪ್ಪು ಕಣವ್ವ. ಬೀದಿ ಬಾಗ್ಲಲ್ಲಿ ಕುಂತು ಯಾರ್ ತಾನೆ ಮಗೀನ ಎರ್ತಾರೆ?” ಎಂದು ಪಿಸುಗುಟ್ಟುತ್ತ ಮುದ್ದಮ್ಮ ಗೋಣಿಚೀಲ ಹರಿಯುತ್ತಾರೆ. ಮೊಳೆ ಹೊಡೆಯುವಂತಿಲ್ಲ, ಸದ್ದಾದರೆ ಎಲ್ಲ ಕೆಟ್ಟಿತು. ಗೂಡಿನೊಳಗೆ ತೆವಳಿ, ಪೆಟ್ಟಿಗೆಯ ಬಾಯಿ ಅರ್ಧ ಮುಚ್ಚುವಂತೆ ಚೀಲವನ್ನು ಹಲಗೆ ಸಂದಿಗೆ ಬೆರಳಲ್ಲೇ ತುರುಕುತ್ತಾರೆ. ಹೊರಬರುವಷ್ಟರಲ್ಲಿ ರಘುವಿನ ಬೈಕು ಬಂದು ನಿಂತಿದೆ.

“ಇಡ್ಕೊಡಿ ಗೌಡ್ರೇ, ಗಿರಾಕಿ ಕಾಯ್ತಾವ್ರೆ.”

ರಂಗಸ್ವಾಮಿ ಪಂಚೆ ಎತ್ತಿಕಟ್ಟಿ ಗೂಡಿನತ್ತ ಬರುತ್ತಾರೆ. ಮುದ್ದಮ್ಮ ಬಾಗಿಲಿಗೆ ಅಡ್ಡ ಕೂತುಬಿಡುತ್ತಾರೆ. “ಒಂದೇ ಒಂದ್ ಗಳ್ಗೆ ತಡ್ಕಳಿ ಗೌಡ್ರೇ. ನಿಮ್ ದಮ್ಮಯ್ಯ.”

ಹ್ಯಾಟೆ ಚೀಲವನ್ನು ಕುಕ್ಕಿ ನೋಡುತ್ತದೆ. ಆಮೇಲೆ ತಲೆ ತಗ್ಗಿಸಿ ಒಳಹೋಗುತ್ತದೆ. ಹುಲ್ಲು ಸರಸರ ಎನ್ನುತ್ತದೆ, ಮತ್ತೆ ಸದ್ದಿಲ್ಲ. ರಘು ಕೂಡ ಬೈಕಿನಿಂದ ಇಳಿದು ಗೂಡಿನತ್ತ ಬಗ್ಗಿ ನೋಡುತ್ತಾನೆ. ಎಷ್ಟೋ ಹೊತ್ತಿನ ಮೇಲೆ ಹ್ಯಾಟೆ ಹೊರಬಂದು, ಇಡೀ ಬೀದಿಗೆ ಕೇಳುವಂತೆ ಕೂಗಿಕೊಳ್ಳುತ್ತದೆ.

ನಾಗರತ್ನ ಪೆಟ್ಟಿಗೆಗೆ ಕೈ ಹಾಕಿ ಹೊರತೆಗೆಯುತ್ತಾರೆ. ಬಿಸಿ ಮೊಟ್ಟೆ! ರಂಗಸ್ವಾಮಿ ಅದನ್ನು ನೋಡಿ, ಸುಮ್ಮನೆ ಕೆಮ್ಮಿ, ರಘುವಿನತ್ತ ತಿರುಗುತ್ತಾರೆ. “ಓಗ್ಲಾ, ನಿನ್ ಫಾರಂ ಕೋಳಿ ಮಾರ್ಕೋ ಓಗು.”

ಮಿಕ್ಕ ಹ್ಯಾಟೆಗಳು ಕಂಡು ಕಲಿಯಲೆಂದು ಮುದ್ದಮ್ಮ ಮೊಟ್ಟೆಯನ್ನು ಮತ್ತೆ ಹುಲ್ಲಿನಲ್ಲೇ ಇಡುತ್ತಾರೆ. ಗೂಡು ಬಲು ಚೆನ್ನಾಗಿದೆ ಎಂದು ನಾಗರತ್ನ ಹೊಗಳಿದರೆ ನಾಚಿಕೊಂಡು ನಗುತ್ತಾರೆ.

“ಚೆಂದಾಗದೆ ಅಂತ ಮನುಸ್ರು ಮುಲಾಜಿಗೂ ಯೋಳ್ತಾರೆ ಕಣವ್ವ. ಕೋಳಿಗೆ ಯಾವ ಮುಲಾಜು? ಅದೇ ಒಳಕ್ಕೋಗಿ ಕುಂತ್ಕತು ನೋಡು.”