ಹಳದಿ ಬಿಲ್ಲೆಯ ನಲವತ್ತು ಕುರಿಗಳು

೧೯೮೪ರಲ್ಲಿ ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಪರದೇಶದವುಗಳೊಡನೆ ಸೇರಿ ಸಂಶೋಧನೆ ನಡೆಸುವುದು ನಮ್ಮ ಕಡೆಗೆ ಆಗಷ್ಟೇ ಕಾಲಿಟ್ಟಿತ್ತು. ಅದಕ್ಕೆ ‘ಕೊಲಾಬರೇಷನ್’ ಎನ್ನುತ್ತಿದ್ದರು. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಅಂಥದೊಂದು ಯೋಜನೆಗೆ ನನ್ನನ್ನು ಸ್ಥಳೀಯ ಸಹಾಯಕನಾಗಿ ಆರಿಸಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೆಲಸ ಕುರಿಗಳ ರಕ್ತದ ಸ್ಯಾಂಪಲ್ ಸಂಗ್ರಹಿಸುವುದು. ಪರದೇಶದಿಂದ ಬಂದ ಸಂಶೋಧಕರನ್ನು ದೊಡ್ಡೇರಿ ಕಡೆಯ ಹಟ್ಟಿಯೊಂದಕ್ಕೆ ಕರೆದೊಯ್ದೆ. ಅಲ್ಲಿ ಕೆಂಚಪ್ಪ ಎಂಬ ಕುರಿಗಾರರಿದ್ದರು. ಅರವತ್ತರ ಆಸುಪಾಸು, ಮಾತು ಕಡಿಮೆ. ಅವರ ಮಂದೆಯಲ್ಲಿದ್ದ ನಲವತ್ತೂ ಕುರಿಗಳ ರಕ್ತ ತೆಗೆದು, ಗುರುತಿಗೆಂದು ಕಿವಿಗೆ ನಂಬರಿನ ಹಳದಿ ಬಿಲ್ಲೆ ಹಾಕಿದರು. ಆ ವರ್ಷ ಸುತ್ತಮುತ್ತಲ ಕುರಿಗಳಿಗೆ ಏನೋ ಬೇನೆ ತಗುಲಿತ್ತು. ಅದು ಯಾವುದೆಂದು ಈ ರಕ್ತದಿಂದ ತಿಳಿಯುತ್ತದೆಯೇ ಎಂದು ಕೆಂಚಪ್ಪ ಕೇಳಿದರು. ಸಂಶೋಧಕರು ಹೇಳಿದ್ದು ಇಷ್ಟೇ: ಫಲಿತಾಂಶ ಎರಡು ತಿಂಗಳಲ್ಲಿ ಕಳಿಸುತ್ತೇವೆ, ಮತ್ತೊಮ್ಮೆ ರಕ್ತ ತೆಗೆಯಬೇಕು, ಅಲ್ಲಿಯವರೆಗೆ ಕುರಿಗಳು ಒಟ್ಟಿಗಿರಲಿ. ನಾನು ಹುಮ್ಮಸ್ಸಿನಲ್ಲಿ, ಬೇನೆಯ ಹೆಸರೂ ಬರುತ್ತದೆ, ಮದ್ದೂ ಬರುತ್ತದೆ ಎಂದುಬಿಟ್ಟೆ.

“ಈ ಮಾತು ಅವರ್ದಾ ಮೇಷ್ಟ್ರೇ, ನಿಮ್ದಾ?” ಎಂದರು ಕೆಂಚಪ್ಪ.

“ನಂದೇ ಅನ್ಕೊಳ್ಳಿ” ಎಂದೆ. ಹಾಗಾದರೆ ಕುರಿಗಳನ್ನು ಅಗಲಿಸುವುದಿಲ್ಲ ಎಂದು ಅವರೂ ಮಾತು ಕೊಟ್ಟರು.

ಎರಡು ತಿಂಗಳಾದರೂ ಕಾಗದ ಬರಲಿಲ್ಲ. ಪಕ್ಕದ ಹಟ್ಟಿಗೆ ಬೇನೆ ಬಂತು. ಬೇನೆ ಹತ್ತಿರ ಸುಳಿದರೆ ಮಂದೆ ಒಡೆಯುವುದು ಕುರಿಗಾರರ ಪದ್ಧತಿ. ತಗಲುವ ಮುಂಚೆಯೇ ಕುರಿಗಳನ್ನು ಪಾಲು ಮಾಡಿ ಶಿರಾ, ಕೊರಟಗೆರೆ, ಪಾವಗಡ ಎಂದು ದಿಕ್ಕಿಗೊಬ್ಬ ನೆಂಟನ ಬಳಿಗೆ ಅಟ್ಟುತ್ತಾರೆ. ಒಂದು ಪಾಲು ಹೋದರೂ ಮಿಕ್ಕವು ಉಳಿಯುತ್ತವೆ. ಎಲ್ಲರೂ ಒಡೆದರು. ಕೆಂಚಪ್ಪ ಮಾತ್ರ ನಡೆದುಕೊಂಡು ಕಾಲೇಜಿಗೆ ಬಂದರು.

“ಮದ್ ಬರ್ದಿದ್ರೂ ಚಿಂತಿಲ್ಲ. ಮಂದೆ ಒಡೀಲೋ ಬ್ಯಾಡ್ವೋ, ಅದೊಂದ್ ಹೇಳ್ಬುಡಿ ಸಾಕು.”

ಪ್ರೊಫೆಸರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದೆ. ಡೇಟಾ ಪರದೇಶದವರದು, ನಮ್ಮ ಕೈಯಲ್ಲಿ ಏನೂ ಇಲ್ಲ, ಅಲ್ಲಿಂದ ಉತ್ತರ ಬರುವ ತನಕ ಕುರಿ ಕದಲಬಾರದು ಎಂದರು. ನಾನು ಎದುರಾಡಲಿಲ್ಲ, ಕಾಯಂ ಆಗಬೇಕಿತ್ತಲ್ಲ. ಇನ್ನೊಂದು ವಾರ ತಡೆಯಿರಿ ಎಂದು ಕೆಂಚಪ್ಪನವರಿಗೆ ಹೇಳಿ, ಪರದೇಶಕ್ಕೊಂದು ಏರ್‌ಮೇಲ್ ಕಾಗದ ಹಾಕಿದೆ. ಕೆಂಚಪ್ಪ ತಲೆಯಾಡಿಸಿ ಹೋದರು.

ಆ ವಾರದಲ್ಲೇ ಬೇನೆ ಅವರ ಕುರಿ ರೊಪ್ಪಕ್ಕೆ ನುಗ್ಗಿತು. ಪಶುವೈದ್ಯರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಉಳಿದದ್ದು ಆರು. ನನ್ನ ಎಂ.ಎಸ್ಸಿ. ಬರೀ ಪುಸ್ತಕದ ಬದನೆಕಾಯಿ. ನಾಚಿಕೆಯಿಂದ ಕೆಂಚಪ್ಪನವರ ಮುಖ ನೋಡಲಾಗಲಿಲ್ಲ.

ಮೂರು ವರ್ಷದ ಮೇಲೆ ಬೆಂಗಳೂರಿನ ಲೈಬ್ರರಿಯೊಂದರಲ್ಲಿ ಆ ಸಂಶೋಧಕರ ಲೇಖನ ಸಿಕ್ಕಿತು. ಅದು ಅಚ್ಚಾಗಿದ್ದ ಜರ್ನಲ್ ತರಿಸುವ ಶಕ್ತಿ ನಮ್ಮ ಕಾಲೇಜಿಗಿರಲಿಲ್ಲ. ಬೇರೆ ಬೇರೆ ದೇಶಗಳ ಕುರಿತಳಿಗಳ ರಕ್ತವನ್ನು ಅದರಲ್ಲಿ ಹೋಲಿಸಿದ್ದರು. ಬೇನೆಯನ್ನು ಅವರು ಹುಡುಕಿಯೇ ಇರಲಿಲ್ಲ. ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರಿತ್ತು, ಕೆಂಚಪ್ಪನವರದು ಇರಲಿಲ್ಲ. ಜೆರಾಕ್ಸ್ ಮಾಡಿಸಿಕೊಂಡು ಹಟ್ಟಿಗೆ ಹೋದೆ.

ಕೆಂಚಪ್ಪ ಲೇಖನದ ಕೋಷ್ಟಕದಲ್ಲಿದ್ದ ಬಿಲ್ಲೆಯ ನಂಬರುಗಳನ್ನು ನನ್ನಿಂದ ಓದಿಸಿದರು. ಹದಿನೇಳು ಎಂದರೆ “ಕರಿಮೋರೇದು” ಎನ್ನುವರು, ಇಪ್ಪತ್ತೆರಡು ಎಂದರೆ “ಕುಂಟಿ”. ನಲವತ್ತೂ ಅವರಿಗೆ ನೆನಪಿದ್ದವು. ಓದಿ ಮುಗಿಸಿ, ಬೇನೆಯ ವಿಷಯ ಇದರಲ್ಲಿಲ್ಲ, ಬರುತ್ತದೋ ಇಲ್ಲವೋ ಎಂದು ನನಗೆ ಆಗಲೂ ಗೊತ್ತಿರಲಿಲ್ಲ ಎಂದೆ.

“ಅವತ್ತೇ ಗೊತ್ತಿಲ್ಲ ಅಂದ್ಬುಟ್ಟಿದ್ರೆ ಮಂದೆ ಒಡೀತಿದ್ದೆ ಮೇಷ್ಟ್ರೇ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಈಗ ಸಣ್ಣ ಕಾಲೇಜುಗಳೂ ಪರದೇಶದ ಒಪ್ಪಂದಪತ್ರಕ್ಕೆ ಕಟ್ಟು ಹಾಕಿಸಿ ಪ್ರಿನ್ಸಿಪಾಲರ ಕೋಣೆಯಲ್ಲಿ ತೂಗುಹಾಕುತ್ತವೆ. ಕಂಡಾಗಲೆಲ್ಲ, ಇದರ ಉತ್ತರ ಊರಿಗೆ ಯಾವಾಗ ಬರುತ್ತದೆ ಎಂದು ಕೇಳುತ್ತೇನೆ. ಮುದುಕನ ಮಾತೆಂದು ನಗುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ನಾನು ನಿವೃತ್ತನಾಗುವ ತನಕ ಬಿಡಲಿಲ್ಲ. ಅದನ್ನು ಕಲಿಯಲು ನಾನೇನೂ ಕಳೆದುಕೊಳ್ಳಲಿಲ್ಲ, ನೌಕರಿಯೂ ಕಾಯಂ ಆಯಿತು. ಹೋದದ್ದು ಕೆಂಚಪ್ಪನವರ ಮೂವತ್ತನಾಲ್ಕು ಕುರಿ.