ಕೆಂಚಪ್ಪನ ಭುಜಕ್ಕೆ ಕಟ್ಟಿದ ಮುಡಿಪು

ನೆಲದ ಕೆಳಗೆ ಸಂಸಾರ ಹೂಡುವುದು ಹೆಗ್ಗಣಗಳು ಮಾತ್ರ ಎಂದು ನಾನು ತಿಳಿದಿದ್ದೆ. ಕೆನಡಾಕ್ಕೆ ಬಂದಿಳಿದ ದಿನ ನನ್ನ ಗಂಡ ನನ್ನನ್ನು ಹನ್ನೊಂದು ಮೆಟ್ಟಿಲು ಇಳಿಸಿಕೊಂಡು ಹೋಗಿ, "ಇದೇ ಕಣೇ ನಮ್ಮನೆ" ಎಂದರು. ಇಲ್ಲಿಯವರು ಅದನ್ನು ಬೇಸ್‌ಮೆಂಟ್ ಅನ್ನುತ್ತಾರೆ. ಮನೆಯ ತಳಪಾಯದೊಳಗೇ ಕೋಣೆ ಮಾಡಿ ಬಾಡಿಗೆಗೆ ಬಿಡುತ್ತಾರೆ. ಇದ್ದ ಒಂದೇ ಕಿಟಕಿ ಸೂರಿಗೆ ಅಂಟಿಕೊಂಡಿತ್ತು. ಅದರಲ್ಲಿ ಕಾಣುತ್ತಿದ್ದದ್ದು ಬೀದಿಯಲ್ಲಿ ಹೋಗುವವರ ಕಾಲುಗಳು. ಮೂರನೆಯ ವಾರದ ಭಾನುವಾರ ಮಧ್ಯಾಹ್ನ ಆ ಕಾಲುಗಳೂ ಕಾಣದಾದವು. ಮೇಲೆ ಹತ್ತಿ ನೋಡಿದರೆ ಬೀದಿ ಖಾಲಿ, ಅಂಗಡಿಗಳ ಬಾಗಿಲು ಹಾಕಿದೆ. ಯಾರೋ ದೊಡ್ಡವರು ಸತ್ತಿರಬೇಕು ಎಂದುಕೊಂಡೆ. ಅಜ್ಜಂಪುರದಲ್ಲಿ ಅಂಗಡಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುವುದು ಅದಕ್ಕೇ. ಅಷ್ಟರಲ್ಲಿ ಮನೆಗಳ ಆಚೆಯಿಂದ ಸಾವಿರಾರು ಜನ ಒಮ್ಮೆಗೇ ಕೂಗಿದ್ದು ಕೇಳಿಸಿತು. ನಾನು ಓಡಿ ಬಂದು ಚಿಲಕ ಹಾಕಿಕೊಂಡೆ.

ಯಾರೂ ಸತ್ತಿರಲಿಲ್ಲ. ಊರಿಗೆ ಊರೇ ಫುಟ್‌ಬಾಲ್ ನೋಡಲು ಹೋಗಿತ್ತು.

ನನ್ನ ತವರು ಅಜ್ಜಂಪುರ. ಅಪ್ಪನಿಗೆ ಒಂದಿಷ್ಟು ಬೆದ್ದಲು, ಒಂದು ತೆಂಗಿನ ತೋಟ. ಕೊಟ್ಟ ಮನೆ ಕಡೂರು. ನಮ್ಮವರು ಲೇತ್ ಮೆಷಿನ್ನಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಎಪ್ಪತ್ತರ ದಶಕದ ನಡುವಿನಲ್ಲಿ, ಗೋಧಿ ಕೊಯ್ಯುವ ಯಂತ್ರ ತಯಾರಿಸುವ ಇಲ್ಲಿಯ ಕಾರ್ಖಾನೆಯೊಂದು ಕೆಲಸ ಬಲ್ಲವರನ್ನು ಕರೆಯುತ್ತಿದೆ ಎಂದು ತಿಳಿದು ಅರ್ಜಿ ಹಾಕಿದರು. ಅವರು ಬಂದ ಆರು ತಿಂಗಳಿಗೆ ನಾನು ಬಂದೆ. ಕಡೂರಿನವರಿಗೆ ಬಯಲು ಹೊಸದಲ್ಲ. ಆದರೆ ನಮ್ಮ ಬಯಲಿನಲ್ಲಿ ಒಂದು ಕಡೆಗಾದರೂ ಬಾಬಾಬುಡನ್ ಗಿರಿಯ ಸಾಲು ಕಾಣುತ್ತದೆ. ಇಲ್ಲಿ ಯಾವ ಕಡೆ ತಿರುಗಿದರೂ ಗೋಧಿ, ಅದು ಮುಗಿದರೆ ಹಿಮ. ಮೊದಲ ಚಳಿಗಾಲದಲ್ಲಿ ನಾನು ದಿನಕ್ಕೊಮ್ಮೆ ಅತ್ತೆ. ನಮ್ಮವರು ಕೆಲಸಕ್ಕೆ ಹೋದ ಮೇಲೆ ಅತ್ತು, ಬರುವ ಹೊತ್ತಿಗೆ ಮುಖ ತೊಳೆದುಕೊಳ್ಳುತ್ತಿದ್ದೆ.

ನನ್ನನ್ನು ಬದುಕಿಸಿದವಳು ಮೇಲಿನ ಮನೆಯ ಓಲ್ಗಾ. ಮನೆಯ ಒಡತಿ, ಗಂಡ ಸತ್ತ ಮುದುಕಿ. ಚಿಕ್ಕಂದಿನಲ್ಲಿ ಉಕ್ರೇನಿನಿಂದ ಬಂದವಳು. ಒಂದು ದಿನ ತಟ್ಟೆಯಲ್ಲಿ ಪೆರೋಗಿ ತಂದುಕೊಟ್ಟಳು. ಒಳಗೆ ಆಲೂಗಡ್ಡೆ ತುಂಬಿ ಬೇಯಿಸಿದ್ದು. ನಮ್ಮ ಕಡುಬಿನ ದಾಯಾದಿ ಅನ್ನಿ. ನಾನು ಅದಕ್ಕೆ ಚಟ್ನಿಪುಡಿ ಹಾಕಿಕೊಂಡು ತಿಂದೆ. ಅವಳೂ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೊಂದು ಚೂರು ಹಾಕು ಎಂದಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ನಮಗೆ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಆಟ ಕಲಿಸಿದವಳೂ ಅವಳೇ. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಯಲ್ಲಿ. ಚೆಂಡು ದುಂಡಗಿಲ್ಲ, ಸುಲಿದ ತೆಂಗಿನಕಾಯಿಗೆ ಎರಡೂ ಕಡೆ ಮೊನೆ ಮಾಡಿದ ಹಾಗಿದೆ. ಮೂರು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಒಂದೊಂದು ಪ್ರಯತ್ನಕ್ಕೂ ಡೌನ್ ಅನ್ನುತ್ತಾರೆ. ಚೆಂಡನ್ನು ಯಾರಿಗೆ ಎಸೆಯಬೇಕು, ಯಾವಾಗ ತಾನೇ ಓಡಬೇಕು ಎಂದು ತೀರ್ಮಾನಿಸುವ ಯಜಮಾನನೇ ಕ್ವಾರ್ಟರ್‌ಬ್ಯಾಕ್. ಎದುರಿನವರೆಲ್ಲ ಅವನನ್ನೇ ಕೆಡವಲು ನುಗ್ಗುತ್ತಾರೆ. ನಮ್ಮೂರ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ತಲೆಗೂದಲು ಕೆಂಪಗಿತ್ತು. ನಮ್ಮವರು ಅವನಿಗೆ ಕೆಂಚಪ್ಪ ಎಂದು ನಾಮಕರಣ ಮಾಡಿದರು. ಎರಡು ವರ್ಷದಲ್ಲಿ ಓಲ್ಗಾಳ ಬಾಯಲ್ಲೂ ಅದು 'ಕೆಂಚಾಪಾ' ಆಯಿತು.

ಕಡೂರಿನ ಹೈಸ್ಕೂಲು ಮೈದಾನದಲ್ಲಿ ಕಬಡ್ಡಿ ಆಡಿ ಮಂಡಿ ಮುರಿದುಕೊಂಡಿದ್ದ ಮನುಷ್ಯ ಇವರು. ಪರದೇಶದಲ್ಲಿ ಯಾರೊಂದಿಗೂ ಸಲಿಗೆ ಇರಲಿಲ್ಲ, ಮಕ್ಕಳೂ ಆಗಲಿಲ್ಲ. ಭಾನುವಾರ ಕೆಂಚಪ್ಪ ಗೆದ್ದರೆ ಸೋಮವಾರ ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಮಾತನಾಡಿಸುತ್ತಿದ್ದರು. ಸೋತರೆ ಎಲ್ಲರೊಂದಿಗೆ ಕೂತು ಇವರೂ ಬೈಯಬಹುದಿತ್ತು. ಈ ಊರು ಇವರನ್ನು ಒಳಗೆ ಕರೆದುಕೊಂಡದ್ದು ಆ ಬಾಗಿಲಿನಿಂದ. ಚಳಿಗಾಲದಲ್ಲಿ ಆಟ ಇರುವುದಿಲ್ಲ. ಆಟಗಾರರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾರೆ. ಕೆಂಚಪ್ಪ ಬೇಸಾಯದ ಯಂತ್ರಗಳನ್ನು ಮಾರುತ್ತಿದ್ದ. ಹಾಗೆ ಒಮ್ಮೆ ಇವರ ಕಾರ್ಖಾನೆಗೇ ಬಂದು ಇವರ ಕೈ ಕುಲುಕಿದ. ಅಂದು ಮನೆಗೆ ಬಂದವರು ಬಲಗೈ ತೊಳೆಯದೆ ಊಟಕ್ಕೆ ಕೂತರು. ಚಮಚದಲ್ಲಿ, ಎಡಗೈಯಲ್ಲಿ ಉಂಡರು. ಇಂಥ ಹುಚ್ಚನ ಹಿಂದೆ ಏಳು ಸಮುದ್ರ ದಾಟಿ ಬಂದೆನಲ್ಲ ಎಂದು ನಕ್ಕೆ.

ಮರುವರ್ಷ ಆಟದ ನಡುವೆ ಕೆಂಚಪ್ಪನ ಭುಜ ಮುರಿಯಿತು. ಇನ್ನು ಅವನು ಚೆಂಡು ಎಸೆಯುವುದು ಅನುಮಾನ ಎಂದು ರೇಡಿಯೋದವರು ಹೇಳಿದರು. ನಮ್ಮವರು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ರೇಗಿಹೋಯಿತು.

"ನಿಮ್ಮಪ್ಪನಿಗೆ ಕಾಲು ಮುರಿದಾಗ್ಲೂ ಹಿಂಗ್ ಕೂತಿರ್ಲಿಲ್ವಲ್ರೀ" ಎಂದೆ.

"ಅಪ್ಪಂಗೆ ಊರೆಲ್ಲ ಐತೆ ಕಣೇ. ಇವನು ಹೋದ್ರೆ ನಂಗಿಲ್ಲಿ ಯಾರವ್ರೆ" ಎಂದರು.

ಅದನ್ನು ಕೇಳಿ ನನಗೆ ಸಂಕಟವಾಯಿತು. ಬಿಳಿ ಬಟ್ಟೆಯ ಚೂರನ್ನು ಅರಿಶಿನದಲ್ಲಿ ಅದ್ದಿ, ಒಂದು ನಾಣ್ಯ ಇಟ್ಟು ಗಂಟು ಹಾಕಿ, ನಮ್ಮ ತವರಿನ ಕಡೆಯ ಅಂತರಘಟ್ಟೆ ಅಮ್ಮನನ್ನು ನೆನೆದು ಮುಡಿಪು ಕಟ್ಟಿದೆ. ಕೆಂಚಪ್ಪನ ಭುಜ ಕೂಡಿದರೆ ನಿನ್ನ ಸನ್ನಿಧಿಗೆ ಬಂದು ಇಪ್ಪತ್ತೊಂದು ಕಾಯಿ ಒಡೆಸುತ್ತೇನೆ ಎಂದೆ. ಅರ್ಧ ತಮಾಷೆ, ಅರ್ಧ ಗಂಡನಿಗೆ ಒಂದು ತುತ್ತು ಒಳಗೆ ಹೋಗಲಿ ಎಂಬ ಉಪಾಯ. ಆದರೆ ಕಟ್ಟಿದ ಮೇಲೆ ಅದು ತಮಾಷೆ ಅಲ್ಲ. ನಮ್ಮ ಅಜ್ಜಿ ಎರಡು ಕಟ್ಟಳೆ ಹೇಳಿಕೊಟ್ಟಿದ್ದಳು. ಕಟ್ಟಿದ ಕೈಯೇ ಹೋಗಿ ಒಪ್ಪಿಸಬೇಕು, ಬೇರೆಯವರ ಕೈಯಲ್ಲಿ ಕಳಿಸಬಾರದು. ಹಳೆಯ ಹರಕೆ ತೀರುವ ತನಕ ಅಮ್ಮನ ಹತ್ತಿರ ಹೊಸದೇನನ್ನೂ ಕೇಳಬಾರದು.

ಮುಂದಿನ ಬೇಸಿಗೆಗೆ ಕೆಂಚಪ್ಪ ಮೈದಾನಕ್ಕಿಳಿದ. ಮೊದಲ ಎಸೆತವೇ ನಲವತ್ತು ಗಜ. ನಮ್ಮವರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡು ಕುಣಿದರು. ಅಷ್ಟು ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಹರಕೆ ತೀರಿಸಲು ಊರಿಗೆ ಹೋಗಬೇಕಿತ್ತು. ಈ ವರ್ಷ, ಬರುವ ವರ್ಷ ಎನ್ನುತ್ತ ನಾಲ್ಕು ವರ್ಷ ಕಳೆದವು. ಕಡೆಗೆ ಹೋದದ್ದು ಮಾವ ತೀರಿಕೊಂಡರೆಂದು ತಂತಿ ಬಂದಾಗ. ಸೂತಕ ಕಳೆಯುವ ಹೊತ್ತಿಗೆ ಇವರ ರಜೆ ಮುಗಿದಿತ್ತು. ಸೂತಕ ಕಳೆದರೂ ವರ್ಷ ತುಂಬುವ ತನಕ ದೇವರಿಗೆ ಹರಕೆ ಒಪ್ಪಿಸುವಂತಿಲ್ಲ ಎಂದು ಅತ್ತೆ ಹೇಳಿದರು. ಕಡೂರಿನಿಂದ ಅಂತರಘಟ್ಟೆ ಎಷ್ಟು ದೂರ? ಅರ್ಧ ಭೂಮಿ ಸುತ್ತಿ ಬಂದವಳು ಅಷ್ಟು ದೂರ ಹೋಗಲಾರದೆ ಮುಡಿಪನ್ನು ವಾಪಸ್ಸು ತಂದೆ. ಇಲ್ಲಿ ಸತ್ತವರ ಮನೆಯವರು ಮೂರನೆಯ ದಿನ ಕೆಲಸಕ್ಕೆ ಹೋಗುತ್ತಾರೆ. ಅದನ್ನು ಕಂಡು ಕಲ್ಲೆದೆಯವರು ಎಂದುಕೊಂಡಿದ್ದೆ. ಅಂದು ಮಾತ್ರ ಅವರನ್ನು ನೆನೆದು ಹೊಟ್ಟೆಕಿಚ್ಚಾಯಿತು.

ಅದಾಗಿ ಎರಡು ವರ್ಷಕ್ಕೆ ಇವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಹೊಟ್ಟೆ ಕೊಯ್ದು ನೋಡಿ, ಏನೂ ಮಾಡುವಂತಿಲ್ಲವೆಂದು ಹಾಗೆಯೇ ಹೊಲಿದರು. ಅದೇ ತಿಂಗಳು ಕೆಂಚಪ್ಪ ಆಟ ಬಿಡುವುದಾಗಿ ಹೇಳಿದ. ಅವನ ಬಗ್ಗೆ ನಿಮಗಿರುವ ನೆನಪು ಬರೆದು ಕಳಿಸಿ ಎಂದು ಊರಿನ ಪತ್ರಿಕೆ ಕೇಳಿತು. ಜನ ಬರೆದೇ ಬರೆದರು. ಓಲ್ಗಾ ಪತ್ರಿಕೆ ಹಿಡಿದು ಆಸ್ಪತ್ರೆಗೆ ಬಂದು ಓದುತ್ತಿದ್ದಳು. ನಮ್ಮವರಿಗೆ ಇಂಗ್ಲಿಷು ನನಗಿಂತ ಚೆನ್ನಾಗಿ ಬರುತ್ತಿತ್ತು, ಆದರೂ "ನೀನು ನಮ್ ಮಾತಲ್ಲಿ ಹೇಳು" ಅನ್ನುತ್ತಿದ್ದರು. ಹಿಮದಲ್ಲಿ ಹೂತ ನನ್ನ ಕಾರನ್ನು ಯಾರೋ ಹಿಂದಿನಿಂದ ತಳ್ಳಿದರು, ಕನ್ನಡಿಯಲ್ಲಿ ಕೆಂಪು ಕೂದಲು ಕಂಡಿತು ಎಂದು ಒಬ್ಬ ರೈತ ಬರೆದಿದ್ದ. ಹನ್ನೆರಡು ವರ್ಷ ಕ್ಷೌರ ಮಾಡಿಸಿಕೊಂಡರೂ ಒಮ್ಮೆಯೂ ಆಟದ ಮಾತಾಡಲಿಲ್ಲ, ನನ್ನ ಹೆಂಡತಿಯ ಕಾಲುನೋವನ್ನೇ ವಿಚಾರಿಸುತ್ತಿದ್ದ ಎಂದು ಒಬ್ಬ ಕ್ಷೌರಿಕ ಬರೆದಿದ್ದ. ಸೋತ ಮರುದಿನ ಅಂಗಡಿಯಲ್ಲಿ ಸಿಕ್ಕಾಗ ಬಾಯಿಗೆ ಬಂದಂತೆ ಬೈದೆ, ನಿಂತು ಪೂರ್ತಿ ಕೇಳಿಸಿಕೊಂಡು ನನ್ನ ಚೀಲ ಹೊತ್ತು ತಂದ ಎಂದು ಒಬ್ಬ ಅಜ್ಜಿ.

"ನಮ್ದೂ ಬರಿ" ಎಂದರು ಇವರು. "ಕೈಯೆಲ್ಲ ಎಣ್ಣೆಯಾಗಿತ್ತು, ಹಿಂದಕ್ಕೆಳ್ಕೊಂಡೆ. ಅವ್ನೇ ಹಿಡ್ಕೊಂಡ. ಒರೆಸ್ಕೊಳ್ಲಿಲ್ಲ. ಅಷ್ಟು ಬರಿ, ಸಾಕು."

ಬರೆದೆ. ಅದು ಅಚ್ಚಾಗಿ ಬಂದ ದಿನ ಕತ್ತರಿಸಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡರು. ಬಂದ ನರ್ಸುಗಳಿಗೆಲ್ಲ ತೋರಿಸಿದರು. ಹರಕೆಯ ಮಾತನ್ನು ನಾನು ಬರೆಯಲಿಲ್ಲ. ತೀರಿಸದ ಹರಕೆಯನ್ನು ಯಾವ ಮುಖ ಇಟ್ಟುಕೊಂಡು ಬರೆಯಲಿ?

ಕೇಳುವುದಕ್ಕೂ ಮುಖವಿರಲಿಲ್ಲ. ಓಲ್ಗಾ ತನ್ನ ಚರ್ಚಿನಲ್ಲಿ ದಿನವೂ ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು. ನಿನ್ನ ದೇವಿಯನ್ನು ನೀನು ಕೇಳಿದೆಯಾ ಎಂದಳು. ಇಲ್ಲ ಎಂದೆ. ಒಂದು ಚೆಂಡಾಟದವನ ಭುಜ ಕೇಳಿ ಪಡೆದು, ಆರು ವರ್ಷ ಅಮ್ಮನ ಕಡೆ ತಲೆ ಹಾಕದೆ, ಈಗ ನನ್ನ ಗಂಡನ ಜೀವ ಕೊಡು ಎಂದು ಹೇಗೆ ಕೇಳುವುದು? ಹೋಗಿ ತೀರಿಸಿ ಬಂದೇ ಕೇಳೋಣ ಎಂದರೆ ಡಾಕ್ಟರು ವಾರಗಳ ಲೆಕ್ಕ ಹೇಳಿದ್ದರು. ನಾನು ವಾಪಸ್ಸು ಬರುವಷ್ಟರಲ್ಲಿ ಇವರು ಇಲ್ಲವಾದರೆ?

ನಮ್ಮವರಿಗೆ ನನ್ನ ಒದ್ದಾಟ ಗೊತ್ತಾಯಿತು. "ಕೇಳ್ಕೊಳೇ ಹುಚ್ಚಿ, ಅಮ್ಮ ಅಷ್ಟು ಕೆಟ್ಟೋಳಲ್ಲ" ಎಂದರು. ನಾನು ಕೇಳಲಿಲ್ಲ. ಮಾತು ಗಂಟಲಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಆ ಇಡೀ ಚಳಿಗಾಲ ನುಂಗಿಕೊಂಡೆ. ಹಿಮ ಕರಗುವ ಮುಂಚೆ ಅವರು ಹೋದರು.

ಬೂದಿಯನ್ನು ಅರ್ಧ ಇಲ್ಲಿಯ ಹೊಳೆಗೆ ಬಿಟ್ಟೆ. ಉಳಿದರ್ಧವನ್ನು ವರ್ಷ ತುಂಬಿದ ಮೇಲೆ ಊರಿಗೆ ತಂದೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಬಿಟ್ಟು, ತಿಥಿ ಮುಗಿಸಿ, ಅಜ್ಜಂಪುರದಿಂದ ಅಣ್ಣನ ಜೊತೆ ಅಂತರಘಟ್ಟೆಗೆ ಹೋದೆ. ಹಣೆಯ ಕುಂಕುಮ ನಾನು ಅಳಿಸಿರಲಿಲ್ಲ. ಇಲ್ಲಿ ಅಳಿಸು ಎನ್ನುವವರು ಯಾರೂ ಇರಲಿಲ್ಲ. ಅಲ್ಲಿ ಅತ್ತೆ ಒಮ್ಮೆ ನನ್ನ ಹಣೆ ನೋಡಿ, ಊಟಕ್ಕೆ ಎಲೆ ಹಾಕಿದರು. "ಇಲ್ಲೇ ಇದ್ಬಿಡವ್ವಾ, ಆ ಚಳಿ ದೇಶದಾಗೆ ಯಾರವ್ರೆ ನಿಂಗೆ" ಎಂದು ಅಣ್ಣ ಬಸ್ಸಿನಲ್ಲಿ ಕೇಳಿದ. ಇವರ ಅರ್ಧ ಅಲ್ಲೈತೆ ಎಂದು ಹೇಳಬೇಕೆನ್ನಿಸಿತು. ಇಲ್ಲಿ ಉಳಿದರೆ ಅಲ್ಲಿಯ ಅರ್ಧಕ್ಕೆ ದ್ರೋಹ, ಅಲ್ಲಿದ್ದರೆ ಇಲ್ಲಿಯ ಅರ್ಧಕ್ಕೆ. ಇದನ್ನು ಬರೆಯುವಾಗಲೂ ಯಾವ ಊರಿಗೆ ಇಲ್ಲಿ ಎನ್ನಬೇಕು, ಯಾವುದಕ್ಕೆ ಅಲ್ಲಿ ಎನ್ನಬೇಕು ಎಂದು ಕೈ ತಡೆಯುತ್ತಿದೆ.

ಗುಡಿಯಲ್ಲಿ ಅಂದು ಜನ ಕಡಿಮೆ. ವಯಸ್ಸಾದ ಪೂಜಾರಿ ಮುಡಿಪು ಬಿಚ್ಚಿ, ಪರದೇಶದ ನಾಣ್ಯವನ್ನು ತಿರುಗಿಸಿ ನೋಡಿ, ಯಾರ ಹೆಸರಿನ ಹರಕೆ ಎಂದು ಕೇಳಿದರು. ಕೆಂಚಪ್ಪ ಎಂದೆ. ಆ ಹೆಸರಿನಲ್ಲೇ ಪೂಜೆ ಆಯಿತು. ಅಣ್ಣ ಇಪ್ಪತ್ತೊಂದು ಕಾಯಿ ಒಡೆದ. ಪೂಜಾರಿ ಪ್ರಸಾದ ಕೊಡುತ್ತ, "ಇನ್ನೇನಾದ್ರೂ ಕೇಳ್ಕೊಳೋದಿದ್ರೆ ಈಗ್ಲೇ ಕೇಳ್ಕಳಮ್ಮ, ಹಳೇದು ತೀರ್ತಲ್ಲ" ಎಂದರು.

ಕಣ್ಣು ಮುಚ್ಚಿ ಕೈ ಮುಗಿದೆ. ನನಗೇ ತಿಳಿಯದೆ ಮಾತು ಹೊರಗೆ ಬಂತು.

"ನಮ್ ಯಜಮಾನ್ರಿಗೆ ವಾಸಿ ಮಾಡವ್ವಾ."

ಅಣ್ಣ ನನ್ನ ತೋಳು ಹಿಡಿದ. ಪೂಜಾರಿಗೆ ಏನೂ ತಿಳಿಯದು. ನನ್ನ ಕೈಗೆ ಹೂವು ಹಾಕಿ, "ಆಯ್ತು ಕಣಮ್ಮ, ಅಮ್ಮ ನೋಡ್ಕೋತಾಳೆ. ವಾಸಿಯಾದ್ಮೇಲೆ ಅವ್ರನ್ನೂ ಕರ್ಕೊಂಡ್ ಬಾ" ಎಂದರು. ಅಣ್ಣ ಅವರಿಗೆ ಏನೋ ಹೇಳಲು ಬಾಯಿ ತೆರೆದ. ಬೇಡ ಎಂದು ಅವನ ಕೈ ಒತ್ತಿದೆ.

"ಆಗ್ಲಿ ಸ್ವಾಮಿ" ಎಂದೆ, "ಇಬ್ರೂ ಬತ್ತೀವಿ."