ಏಣಿ ತೆಗೆದವಳು ನಾನು

ಕಡಬದ ಕೆರೆಯ ಕೆಳಗೆ ನಮ್ಮದೊಂದು ಸಣ್ಣ ತೆಂಗಿನ ತೋಟ. ಕಾಯಿಯನ್ನು ಸಿಪ್ಪೆ ಸಮೇತ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕಿ, ವರ್ಷ ಕಳೆದು ಒಳಗೆ ಕೊಬ್ಬರಿ ಒಣಗಿದ ಮೇಲೆ ಸುಲಿಯುತ್ತಿದ್ದೆವು. ಹೊಸ ಕಾಯಿ ಅಲ್ಲಾಡಿಸಿದರೆ ನೀರಿನ ಸದ್ದು. ನೀರು ಇಂಗಿದ ಮೇಲೆ ಕೆಲವು ಕಾಲ ಸದ್ದೇ ಇರುವುದಿಲ್ಲ. ಆಮೇಲೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಟಲೊಟ ಅನ್ನುತ್ತದೆ.

ನನ್ನ ತಂಗಿಗೆ ಪ್ರಪಂಚದಲ್ಲಿ ಬೇಕಾಗಿದ್ದುದು ಈ ಸದ್ದು ಮಾತ್ರ. ನನಗಿಂತ ಹತ್ತು ವರ್ಷ ಚಿಕ್ಕವಳು. ಮೂರು ನಾಲ್ಕು ಮಾತು ಬಿಟ್ಟರೆ ಆಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಯಾರಾದರೂ ಮುಟ್ಟಿದರೆ ಕಿರುಚುತ್ತಿದ್ದಳು. ಮಧ್ಯಾಹ್ನ ಒಲೆ ಆರಿದ ಮೇಲೆ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನಗುತ್ತಿದ್ದಳು. ಅದರಿಂದ ಮನೆಗೇನೂ ಉಪಯೋಗವಿರಲಿಲ್ಲ. ಒಣಗಿದವೆಂದು ಅಪ್ಪ ಬೇರೆ ಮಾಡಿಟ್ಟ ಕಾಯಿಗಳನ್ನೆಲ್ಲ ಅವಳು ಕಲಸಿಹಾಕುತ್ತಿದ್ದಳು. ಅಪ್ಪ ಮತ್ತೆ ಆರಿಸಿಕೊಳ್ಳುತ್ತಿದ್ದರು. "ಬುಡು, ನಗ್ತಾವ್ಳಲ್ಲ" ಅನ್ನುತ್ತಿದ್ದರು.

ಏಳನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದ್ದು ಅವಳನ್ನು ನೋಡಿಕೊಳ್ಳಲು. ಆ ಸಿಟ್ಟು ನನ್ನೊಳಗಿತ್ತು. ತೊಂಬತ್ತರ ದಶಕದಲ್ಲಿ ಹೆಣ್ಣು ನೋಡಲು ಬಂದ ಎರಡು ಕಡೆಯವರು ಅವಳನ್ನು ಕಂಡು ಕಾಫಿ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಮೂರನೆಯವರು ಹುಲಿಯೂರುದುರ್ಗದವರು, ಅಂಗಡಿ ಇಟ್ಟವರು. ತಂಗಿಯನ್ನು ಪಕ್ಕದ ಮನೆಗೆ ಬಿಟ್ಟುಬರುತ್ತೇನೆ ಅಂದಳು ಅವ್ವ.

"ಅವ್ರ ಮನೇಲಿ ಕೂಗ್ಕೊಂಡ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಅಟ್ಟ ಹತ್ತಿಸಿ ಏಣಿ ತೆಗೆದ್ಬುಡಾನ. ಅವ್ಳಿಗೂ ಖುಷಿ" ಅಂದೆ ನಾನು.

"ಒಲೆ ಉರೀತದಲ್ಲೇ ಇವತ್ತು?"

"ಒಂದು ಗಂಟೆ ಹೊತ್ತು ತಾನೆ ಅವ್ವ."

ಏಣಿ ತೆಗೆದವಳು ನಾನು. ಹಿತ್ತಲಿಗೆ ಒಯ್ದು ಗೋಡೆಗೆ ಒರಗಿಸಿ ಬಂದು ಕೈ ತೊಳೆದು ಸೀರೆ ಉಟ್ಟೆ.

ಅವರು ಏಳು ಜನ ಬಂದರು. ಉಪ್ಪಿಟ್ಟು, ಕೇಸರಿಬಾತು, ಎರಡು ಸಲ ಕಾಫಿ. ಒಲೆ ಒಂದೇ ಸಮ ಉರಿಯಿತು. ಹೊಗೆಯೆಲ್ಲ ಅಟ್ಟಕ್ಕೇ ಹೋಗುವುದು, ಕಾಯಿ ಒಣಗಲೆಂದೇ ಹಾಗೆ ಕಟ್ಟಿದ್ದು. ಮೇಲೆ ಕಾಯಿ ಉರುಳಿದ ಸದ್ದಾಯಿತು.

"ಏನಮ್ಮ ಅದು?" ಅಂದರು ಗಂಡಿನ ಸೋದರತ್ತೆ.

"ಇಲಿ ಕಾಟ ಅಕ್ಕಾ" ಅಂದಳು ಅವ್ವ.

"ಇಲಿ ಅಲ್ಲ ಕಣಮ್ಮ, ಹೆಗ್ಗಣ! ಹೆಣ್ಣಿನ ಜೊತೆ ಅದನ್ನೂ ಕಳಿಸ್ಬುಟ್ಟೀರಾ" ಅಂದ ಗಂಡಿನ ಸೋದರಮಾವ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಕೆಮ್ಮು ಕೇಳಿಸಿತು. ಅಷ್ಟರಲ್ಲಿ ಸೋದರತ್ತೆ, "ಒಂದು ಹಾಡು ಹೇಳಮ್ಮ" ಅಂದರು. ಕೇಳುವುದು ಪದ್ಧತಿ. ಹುಡುಗಿ ತಲೆ ತಗ್ಗಿಸಿ, ಬರಲ್ಲ ಅಂದು, ಬಲವಂತ ಮಾಡಿಸಿಕೊಂಡು ಎರಡು ಸಾಲು ಹೇಳುವುದೂ ಪದ್ಧತಿ. ನಾನು ಬಲವಂತಕ್ಕೆ ಕಾಯಲಿಲ್ಲ. ಗಂಟಲೆತ್ತಿ ದೇವರನಾಮ ಶುರುಮಾಡಿದೆ. ಮೇಲೆ ಅವಳು ಅಳತೊಡಗಿದಂತೆ ನಾನು ಇನ್ನೂ ಏರಿಸಿದೆ. ಅದು ಮುಗಿಯಿತು, ಯಾರೂ ಕೇಳದೆಯೇ ಇನ್ನೊಂದು ಹೇಳಿದೆ. ಒಟ್ಟು ನಾಲ್ಕು ಹಾಡು. ಮೂರನೆಯದರ ನಡುವೆ ಮೇಲಿನ ಅಳು ನಿಂತಿತು. ಆದರೂ ನಾನು ನಿಲ್ಲಿಸಲಿಲ್ಲ.

"ಸಂಕೋಚ ಗಿಂಕೋಚ ಏನಿಲ್ಲ. ಒಳ್ಳೆ ಕಂಠ" ಅಂದು ಒಪ್ಪಿಕೊಂಡು ಹೋದರು.

ಏಣಿ ತಂದು ಹತ್ತಿದಾಗ ಅವಳು ಮೂಲೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಲಂಗ ಒದ್ದೆಯಾಗಿತ್ತು. ಮುಂಗೈ ಕಚ್ಚಿಕೊಂಡು ರಕ್ತ ಬಂದಿತ್ತು. ಅಪ್ಪ ಅವಳನ್ನು ಇಳಿಸಿಕೊಂಡರು. ನನ್ನನ್ನು ಬೈಯಲಿಲ್ಲ, ಮದುವೆ ಕುದುರಿತ್ತಲ್ಲ.

ಅಂದಿನಿಂದ ಅವಳು ಅಟ್ಟ ಹತ್ತಲಿಲ್ಲ. ಯಾರಾದರೂ ಏಣಿ ಮುಟ್ಟಿದರೆ ಹೊರಗೆ ಓಡುತ್ತಿದ್ದಳು. ಅಪ್ಪ ಒಮ್ಮೆ ಒಂದು ಕಾಯಿಯನ್ನು ಕೆಳಗೆ ತಂದು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗೋಡೆಗೆ ತಲೆ ಚಚ್ಚಿಕೊಂಡಳು. ಅವಳಿಗೆ ಇದ್ದ ಒಂದೇ ಸಂತೋಷವನ್ನು ಕೊಟ್ಟು ನಾನು ಗಂಡನನ್ನು ಪಡೆದೆ. ಮದುವೆಗೂ ಅವಳನ್ನು ಕರೆತಂದಿರಲಿಲ್ಲ, ಆರು ತಿಂಗಳ ಮೇಲೆ ನನ್ನ ಗಂಡನಿಗೆ ಅವಳ ವಿಷಯ ತಿಳಿಯಿತು. "ಮೊದ್ಲೇ ಹೇಳಿದ್ರೆ ಒಪ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ ಕಣೆ" ಅಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಇಸವಿ ಎರಡು ಸಾವಿರ ಕಳೆದಿತ್ತು, ಅಪ್ಪ ತೀರಿಕೊಂಡಿದ್ದರು. ಯಾರೋ ಹೇಳಿದರೆಂದು ಅವ್ವ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋದಳು. ನಾನೂ ಕುಣಿಗಲ್ ಮೇಲೆ ಹೋಗಿ ಸೇರಿಕೊಂಡೆ. ಇಂಥ ಮಕ್ಕಳಿಗೆ ಕಲಿಸುವ ಮೇಡಂ ಒಬ್ಬರು ಅದಕ್ಕೆ ಆಟಿಸಂ ಅನ್ನುತ್ತಾರೆ ಅಂದರು. ಇವಳಿಗೆ ಏನು ಕಲಿಸಬೇಕಾದರೂ ಇವಳ ಇಷ್ಟದಿಂದಲೇ ಶುರು ಮಾಡಬೇಕು, ಚಿಕ್ಕಂದಿನಲ್ಲಿ ಏನಿಷ್ಟ ಇತ್ತು ಎಂದು ಕೇಳಿದರು.

"ಅಟ್ಟ ಅಂದ್ರೆ ಪ್ರಾಣ ಮೇಡಂ. ಆಮೇಲೆ ಬುಟ್ಬುಟ್ಲು" ಅಂದಳು ಅವ್ವ.

"ಯಾಕೆ? ಏನಾದ್ರೂ ಆಯ್ತಾ?"

ಅವ್ವ ನನ್ನ ಕಡೆ ನೋಡದೆ, "ಏಣಿಯಿಂದ ಬಿದ್ಲು" ಅಂದಳು. ಮೇಡಂ ಬರೆದುಕೊಂಡರು. ನಾನು ಪಕ್ಕದಲ್ಲೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ.

ಎತ್ತರದ ಭಯ ನಿಧಾನವಾಗಿ ಹೋಗುತ್ತದೆ, ದಿನಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತಿಸಿ ಅಂದರು ಮೇಡಂ. ಏಣಿಯಿಂದ ಬಿದ್ದಳು ಅಂತ ಕೇಳಿದವರು ಬೇರೇನು ಹೇಳುತ್ತಾರೆ? ಅವ್ವ ಶ್ರದ್ಧೆಯಿಂದ ಹತ್ತಿಸಿದಳು. ಪಕ್ಕದ ಮನೆಯ ಫೋನಿನಿಂದ ವಾರಕ್ಕೊಮ್ಮೆ ಹೇಳುತ್ತಿದ್ದಳು: "ಎರಡು ಮೆಟ್ಲು ಹತ್ಸಿದೆ ಕಣೆ. ಬಾಳ ಕೂಗ್ಕೊಂಡ್ಲು. ಮೇಡಂ ಹೇಳವ್ರೆ, ಬುಡಂಗಿಲ್ಲ."

"ಸಾಕು ಬುಡವ್ವ, ಹತ್ಸಬ್ಯಾಡ" ಅನ್ನುತ್ತಿದ್ದೆ.

"ಮತ್ತೆ ಅವ್ರಿಗೆ ಏನ್ ಹೇಳ್ಲಿ? ನೀನೇ ಬಂದು ಹೇಳ್ತೀಯಾ?"

ಹುಲಿಯೂರುದುರ್ಗದಿಂದ ತುಮಕೂರಿಗೆ ಕುಣಿಗಲ್ಲಿನಲ್ಲಿ ಬಸ್ ಬದಲಾಯಿಸಿದರೆ ಸಾಕು. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಿತ್ತು. ಮುಂದಿನ ವಾರ ಬರ್ತೀನಿ ಅನ್ನುತ್ತಿದ್ದೆ. ಅವ್ವ ಹತ್ತಿಸುತ್ತಲೇ ಇದ್ದಳು.